ಕರಡಿಗುಂಡಿನ ಮೇಲೆ ಬಿಚ್ಚಿಟ್ಟ ಬೂಟು

"ಬೂಟು ಭಾನುವಾರ ಹೆಂಗಿದ್ವೋ ಹಂಗ ಇಡ್ರಿ ಶಹನಾಜಕ್ಕ. ಒಂದರ ಮಗ್ಗಲಕ ಒಂದು, ತುದಿ ಕಣಿವಿ ಕಡೆ."

ಹೆಡ್ ಕಾನ್‌ಸ್ಟೇಬಲ್ ಶಹನಾಜಬೇಗಂ ಅಮೃತಾ ಹೇಳಿದಂತೆ ಚೀಲದಿಂದ ಎರಡೂ ಬೂಟು ತೆಗೆದು, ಬಂಡೆಯ ಮೇಲೆ ಅರ್ಧ ಅಳಿಸಿಹೋಗಿದ್ದ ಸೀಮೆಸುಣ್ಣದ ಗುರುತಿನೊಳಗೆ ಇಟ್ಟಳು. ಇಟ್ಟವಳು ಖಾಕಿ ಪ್ಯಾಂಟಿಗೆ ಕೈ ಒರೆಸಿಕೊಂಡಳು. ಸತ್ತವನ ಬೂಟು ಮುಟ್ಟಿದ ಕೈ ಎಷ್ಟು ಒರೆಸಿದರೂ ಒರೆಸಿದಂತಾಗುವುದಿಲ್ಲ.

ಭಾನುವಾರದ ಬೆಟ್ಟದ ಮ್ಯಾರಥಾನಿನಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಗಾಳೇಶ ಇದೇ ಬಂಡೆಯ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದ. ಅವನ ಹಿಂದೆಯೇ ಓಡುತ್ತಿದ್ದ, ವರ್ಷದಿಂದ ಅವನ ಜೊತೆ ಮಾತು ಬಿಟ್ಟಿದ್ದ ದುರುಗಪ್ಪನನ್ನು ಸಬ್‌ಇನ್ಸ್‌ಪೆಕ್ಟರ್ ಅಮೃತಾ ನಿನ್ನೆ ಸಂಜೆ ತಾನೇ ಹಿಡಿದು ಲಾಕಪ್ಪಿಗೆ ಹಾಕಿದ್ದಳು. ಇವತ್ತು ಸಂಜೆ ಐದರೊಳಗೆ ಅವನನ್ನು ಗಂಗಾವತಿಯ ಕೋರ್ಟಿಗೆ ಹಾಜರುಪಡಿಸಬೇಕು. ಆಮೇಲೆ ಅವನು ಪೊಲೀಸರ ಕೈಯಲ್ಲೂ ಇರುವುದಿಲ್ಲ, ತಾಯಿಯ ಕೈಯಲ್ಲೂ ಇರುವುದಿಲ್ಲ. ಜೈಲು ನುಂಗುತ್ತದೆ.

ನಿನ್ನೆ ಸಂಜೆ ಅಮೃತಾಳಿಗೆ ಅನುಮಾನವಿರಲಿಲ್ಲ. ಇವತ್ತು ಬೆಳಿಗ್ಗೆಯಿಂದ ಅನುಮಾನ ಬಿಟ್ಟು ಬೇರೇನೂ ಇರಲಿಲ್ಲ.

ಕರಡಿಗುಂಡೆಂದರೆ ಸಾಣಾಪುರದ ಕೆರೆಯ ಆಚೆಗಿನ ಬೆಟ್ಟಸಾಲಿನ ನೆತ್ತಿ. ಓಟದ ಜಾಹೀರಾತಿನಲ್ಲಿದ್ದದ್ದು ಇಲ್ಲಿಂದ ತೆಗೆದ ಫೋಟೊವೇ. ಕೆಳಗೆ ತೆನೆ ಕಟ್ಟಿದ ಭತ್ತ, ಕೆರೆಯ ಮೇಲೆ ತೇಲುವ ಹರಗೋಲು, ಆಚೆ ಹೊಳೆ, ಹೊಳೆಯಾಚೆ ಮತ್ತೆ ಬೆಟ್ಟ. ದಸರೆ ಮುಗಿದ ವಾರ ಈ ಸೀಮೆ ಕಣ್ಣಿಗೆ ಹಬ್ಬ. ಆದರೆ ಇವತ್ತು ಆ ಚೆಂದವೆಲ್ಲ ಎಲ್ಲಿಗೆ ಓಡಿಹೋಗಿತ್ತೋ. ಸುರಿಯದ, ಸರಿಯದ ಮೋಡವೊಂದು ಭಾನುವಾರದಿಂದ ಬೆಟ್ಟದ ತಲೆಯ ಮೇಲೆ ಕುಂತೇ ಇತ್ತು. ದಾರಿಯುದ್ದಕ್ಕೂ ಗಿಡಗಳಿಗೆ ಕಟ್ಟಿದ ಕೆಂಪು ರಿಬ್ಬನ್ನುಗಳು ಮಂಜಿಗೆ ಒದ್ದೆಯಾಗಿ ಜೋತುಬಿದ್ದಿದ್ದವು.

"ಬೂಟಿನಾಗ ಕಲ್ಲಿನ ಹಳ್ಳು ಸಿಕ್ಕಿರಬೇಕ್ರಿ ಮೇಡಮ್ಮರ, ಅದಕ್ಕ ಬಿಚ್ಯಾನ," ಎಂದಳು ಶಹನಾಜ.

"ನಾನೂ ನಿನ್ನಿತನಕ ಹಂಗ ಅನ್ಕೊಂಡಿದ್ದೆ. ಹಳ್ಳು ಸಿಕ್ಕರ ಒಂದು ಬೂಟು ಬಿಚ್ಚತಾರ. ಜಾಡಸತಾರ, ಹಾಕ್ಕೊಂಡು ಓಡತಾರ. ಮುಂದಿದ್ದವ ಎರಡೂ ಬಿಚ್ಚಿ, ದೇವರ ಗುಡಿ ಮುಂದ ಇಟ್ಟಂಗ ಯಾಕ ಇಡ್ತಾನ?"

ಶಹನಾಜ ಬೂಟಿನತ್ತ ಮತ್ತೊಮ್ಮೆ ಬಗ್ಗಿ ನೋಡಿದಳು.

"ಇನ್ನೊಂದು ನೋಡ್ರಿ," ಎಂದು ಅಮೃತಾ ಕಿಸೆಯಿಂದ ಸಣ್ಣ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದಳು. ಅದರೊಳಗೆ ಬಾಡಿದ ಸಣ್ಣ ಸಣ್ಣ ಎಲೆಗಳಿದ್ದ ಒಂದು ಕಡ್ಡಿ.

ಶಹನಾಜ ಮುಖ ಹತ್ತಿರ ತಂದಳು. "ಬನ್ನಿ ಅಲ್ಲೇನ್ರಿ ಇದು?"

"ಬನ್ನಿ. ಗಾಳೇಶನ ಚಡ್ಡಿ ಕಿಸೆದಾಗ ಇತ್ತು. ಆಸ್ಪತ್ರ್ಯಾಗ ಬಟ್ಟಿ ಜೋಡಿ ಮಡಚಿ ಕೊಟ್ಟಿದ್ರು, ಇವತ್ತು ಮುಂಜಾನಿ ಬಿಡಿಸಿ ನೋಡಿದ್ನಿ."

"ದಸರಿ ದಿನ ಯಾರೋ ಕೊಟ್ಟಿದ್ದು ಉಳದಿರತೈತಿ ಬಿಡ್ರಿ. ನಮ್ಮ ಮನಿಗೂ ಓಣ್ಯಾನವ್ರು ಬಂದು ಕೊಟ್ಟು ಹೋಗ್ಯಾರ. ಇನ್ನೂ ಗೂಡಿನಾಗ ಐತಿ."

"ಆ ಚಡ್ಡಿ ದಸರಿ ದಿನ ಅವನ ಹತ್ರ ಇದ್ದಿಲ್ಲ ಶಹನಾಜಕ್ಕ. ಓಟದವ್ರು ಎಲ್ಲಾರಿಗೂ ಹೊಸಾ ಅಂಗಿ ಚಡ್ಡಿ ಹಂಚಿದ್ದು ಭಾನುವಾರ ಮುಂಜಾನಿ, ಕೆರಿ ದಂಡಿ ಮ್ಯಾಲ. ಅಲ್ಲೇ ಹಾಕ್ಕೊಂಡು ಓಡಾಕ ನಿಂತಾರ."

ಶಹನಾಜಳ ಹುಬ್ಬು ಮೇಲೇರಿದವು. ಅಂದರೆ ಬನ್ನಿ ಕಿಸೆಗೆ ಬಂದದ್ದು ಓಟ ಶುರುವಾದ ಮೇಲೆ.

ನಮ್ಮ ಕಡೆ ಬನ್ನಿ ದಸರೆಯ ದಿನಕ್ಕೇ ಮುಗಿಯುವುದಿಲ್ಲ. ಅಂದು ಸಿಗದವರು ಮರುದಿನ, ಮರುದಿನ ಸಿಗದವರು ದಸರೆಯ ಐದನೆಯ ದಿನದ ಸೀಗಿ ಹುಣ್ಣಿಮೆಯೊಳಗೆ ಯಾವಾಗಲಾದರೂ ಕೈಗೆ ಎಲೆ ಇಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತಾರೆ. ವರ್ಷವೆಲ್ಲ ಮಾತು ಬಿಟ್ಟವರೂ ಆ ಎಲೆಯ ಮುಂದೆ ಬಾಯಿ ಬಿಡಲೇಬೇಕು. ಬನ್ನಿ ಹಿಡಿದು ಎದುರು ನಿಂತವರನ್ನು ದಾಟಿ ಹೋಗುವ ಎದೆ ಈ ಸೀಮೆಯಲ್ಲಿ ಯಾರಿಗೂ ಇಲ್ಲ, ಓಟದಲ್ಲಿ ಮುಂದಿದ್ದವನಿಗೂ ಇಲ್ಲ. ಅದನ್ನು ಕಾಲಲ್ಲಿ ಮೆಟ್ಟು ಹಾಕಿಕೊಂಡು ತಗೊಳ್ಳುವುದೂ ಇಲ್ಲ. ಕೊಟ್ಟವರು ಹಿರಿಯರಾದರೆ ತಗೊಂಡವನು ಬಾಗಿ ಕಾಲು ಮುಟ್ಟುತ್ತಾನೆ.

ಇದೆಲ್ಲ ಕುಷ್ಟಗಿಯಲ್ಲಿ ಹುಟ್ಟಿ ಬೆಳೆದ ಅಮೃತಾಳಿಗೆ ಹೊಸದೇನಲ್ಲ. ಆದರೆ ಈ ಸಲದ ದಸರೆಯೆಲ್ಲ ಬಂದೋಬಸ್ತಿನಲ್ಲೇ ಕಳೆದುಹೋಗಿತ್ತು. ಒಬ್ಬರಿಗೂ ಅವಳು ಬನ್ನಿ ಕೊಟ್ಟಿರಲಿಲ್ಲ. ಕಣ್ಣೆದುರು ಇದ್ದದ್ದನ್ನು ಎರಡು ದಿನ ಕಾಣದೆ ಹೋದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು.

ಅವಳು ತನ್ನ ಬೂಟಿನ ದಾರ ಬಿಚ್ಚತೊಡಗಿದಳು.

"ಅಯ್ಯ, ಏನ್ ಮಾಡಾಕತ್ತೀರಿ ಮೇಡಮ್ಮರ? ಕಲ್ಲು ಜಾರತೈತಿ."

"ಸುಮ್ನ ನಿಂದರ್ರಿ. ನೀವು ನನಗಿಂತ ಹಿರ್ಯಾರು, ಹೌದಿಲ್ಲೋ?"

ಅಮೃತಾ ಬೂಟು ಜೋಡಿಸಿಟ್ಟು ಶಹನಾಜಳ ಕಾಲಿಗೆ ಬಾಗಿದಳು. ಶಹನಾಜಳ ಕೈ ತಾನಾಗಿ ಅವಳ ತಲೆಯ ಮೇಲೆ ಬಂತು.

"ಈಗ ಹೇಳ್ರಿ," ಬಾಗಿದ ಅಮೃತಾ ನೆಲ ನೋಡುತ್ತಲೇ ಕೇಳಿದಳು, "ನನ್ನದು ಏನು ಕಾಣಸಾಕತ್ತೈತಿ?"

"ಹೆಡಕು... ಯಾ ಅಲ್ಲಾ!" ಶಹನಾಜ ಕೈ ಹಿಂದಕ್ಕೆ ಎಳೆದುಕೊಂಡಳು.

ಡಾಕ್ಟರು ಬರೆದದ್ದೂ ಅದನ್ನೇ. ಮೊದಲ ಪೆಟ್ಟು ಹೆಡಕಿಗೆ, ಕತ್ತಿನ ಹಿಂಭಾಗಕ್ಕೆ, ಮೇಲಿನಿಂದ, ಕಲ್ಲಿನಿಂದ. ಬಿದ್ದದ್ದು ಆಮೇಲೆ. ಗಾಳೇಶನಷ್ಟು ಎತ್ತರದ ಆಳು ನಿಂತಿದ್ದರೆ ಆ ಪೆಟ್ಟು ಹಾಕಲು ಏಣಿ ಬೇಕಾಗುತ್ತಿತ್ತು. ಅವನು ಬಾಗಿದ್ದ.

ಅಮೃತಾ ಎದ್ದು ಬೂಟು ಹಾಕಿಕೊಂಡಳು. ದುರುಗಪ್ಪ ಗಾಳೇಶನಿಗಿಂತ ಎರಡು ವರ್ಷ ಚಿಕ್ಕವನು. ಅವರಿಬ್ಬರ ನಡುವೆ ಬನ್ನಿ ನಡೆದಿದ್ದರೆ ಬಾಗಬೇಕಾದವನು ದುರುಗಪ್ಪ, ಗಾಳೇಶನಲ್ಲ.

"ನಾ ತಪ್ಪು ಮನಷ್ಯಾನ್ನ ಹಿಡದೀನಿ ಶಹನಾಜಕ್ಕ," ಎಂದಳು. ಹೇಳಿದ ಮೇಲೆ ಆ ಮಾತು ಇನ್ನೂ ಭಾರವಾಯಿತು.

ಅಷ್ಟರಲ್ಲಿ ಕೆಳಗಿನ ಬಂಡೆಗುಂಡುಗಳ ನಡುವೆ ಯಾರೋ ಕೆಮ್ಮಿದರು.

ಬಂದವರು ಹನುಮಂತಪ್ಪ ಮಾಸ್ತರು. ಯಲಬುರ್ಗಾ ಕಡೆಯ ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಗಾಳೇಶ, ದುರುಗಪ್ಪ ಇಬ್ಬರನ್ನೂ ಚಡ್ಡಿ ಹಾಕುವ ವಯಸ್ಸಿನಿಂದ ಓಡಿಸಿದವರು. ಇಬ್ಬರದೂ ಮಂಗಳೂರು. ಸಮುದ್ರದ ಮಂಗಳೂರಲ್ಲ, ಯಲಬುರ್ಗಾದ ಮಂಗಳೂರು. ಅಲ್ಲಿ ಸಮುದ್ರವೂ ಇಲ್ಲ, ಬೆಟ್ಟವೂ ಇಲ್ಲ. ಅದಕ್ಕೇ ಮಾಸ್ತರು ಹುಡುಗರನ್ನು ಕರಡಿಗುಂಡಿಗೆ ತಂದು, ಬಾಯಿಗೆ ಒದ್ದೆ ಟವೆಲ್ಲು ಕಟ್ಟಿ ಹತ್ತಿಸುತ್ತಿದ್ದರು. ಹಿಮಾಲಯದ ಮ್ಯಾರಥಾನಿನಲ್ಲಿ ಉಸಿರು ಸಾಲದೆ ಹೋದಾಗ ಹೇಗಿರುತ್ತದೆಂದು ಇಲ್ಲೇ ತಿಳಿಯಲಿ ಎಂದು.

ಹೋದ ವರ್ಷ ಇಲ್ಲಿನ ಓಟ ಗೆದ್ದ ಗಾಳೇಶ ಆ ಬೆಟ್ಟಗಳಿಗೆ ಹೋಗಿಯೂ ಬಂದಿದ್ದ. ಅಲ್ಲಿಂದ ಅವನು ಕಳಿಸಿದ ವಿಡಿಯೊ ಅಮೃತಾ ನೋಡಿದ್ದಳು. ಹಿಂದೆ ಬಂಗಾರದ ಬಣ್ಣಕ್ಕೆ ತಿರುಗಿದ ಗಿಡಗಳು, ಅವುಗಳ ಹಿಂದೆ ಹಿಮ. ಏದುಸಿರು ಬಿಡುತ್ತಾ ಅವನು ನಗುತ್ತಿದ್ದ. "ಇಲ್ಲಿ ಗಾಳಿ ಭಾಳ ಐತಿ ಮಾಸ್ತರ, ಉಸರಽ ಇಲ್ಲ."

ಈ ವರ್ಷವೂ ಗೆದ್ದವನೊಬ್ಬನಿಗೆ ಅಲ್ಲಿಗೆ ಹೋಗುವ ಅವಕಾಶ. ಭಾನುವಾರ ಗೆದ್ದವನು ದುರುಗಪ್ಪ. ಗೆದ್ದು ಲಾಕಪ್ಪಿನಲ್ಲಿದ್ದ.

"ರಿಬ್ಬನ್ನ ಬಿಚ್ಚಾಕ ಬಂದಿದ್ನಿ," ಎಂದರು ಮಾಸ್ತರು. ಕೈಯಲ್ಲಿ ಕೆಂಪು ಸುರುಳಿಯಿತ್ತು. "ದನ ತಿಂದ್ರ ಹೊಟ್ಟ್ಯಾಗ ಸಿಗತಾವು."

"ಭಾನುವಾರ ಈ ನೆತ್ತಿ ಮ್ಯಾಲ ಕಾವಲಿದ್ದವ್ರು ನೀವಽ ಅಲ್ರಿ ಮಾಸ್ತರ?"

"ಹೌದ್ರಿ. ಹೇಳಿಕಿ ಕೊಟ್ಟೀನಲ್ಲ."

"ಕೊಟ್ಟೀರಿ. ಬನ್ನಿ ಕೊಟ್ಟ ಮಾತು ಅದರಾಗ ಇಲ್ಲ."

ಮಾಸ್ತರ ಕೈಯಲ್ಲಿದ್ದ ಸುರುಳಿ ನಿಂತಿತು.

"ಯಾವ ಬನ್ನಿ?"

ಅಮೃತಾ ಪ್ಲಾಸ್ಟಿಕ್ ಚೀಲ ಎತ್ತಿ ಹಿಡಿದಳು. "ಗಾಳೇಶ ಇಲ್ಲಿ ಬೂಟು ಬಿಚ್ಚಿ ಒಬ್ಬ ಹಿರ್ಯಾರ ಕಾಲಿಗೆ ಬಾಗ್ಯಾನ. ಬಾಗಿದಾಗ ಹೆಡಕಿಗೆ ಪೆಟ್ಟು ಬಿದ್ದೈತಿ. ಈ ಬೆಟ್ಟದ ಮ್ಯಾಲ ಅವ ಬೂಟು ಬಿಚ್ಚುವಂಥಾ ಹಿರ್ಯಾರು ಯಾರಿದ್ರು? ಗುರು ಅಂದ್ರ ನೀವು."

"ಗುರು!" ಮಾಸ್ತರು ನಕ್ಕರು. ಆ ನಗೆಯಲ್ಲಿ ನಗೆಯಿರಲಿಲ್ಲ. "ಹೋದ ವರ್ಷ ಆ ಬೆಟ್ಟದಿಂದ ಬಂದ ಮ್ಯಾಲ ಪೇಪರಿನವರ ಮುಂದ ಗುರು ಯಾರಂತ ಕೇಳಿದ್ರ ಯಾರ ಹೆಸರು ಹೇಳಿದ ಗೊತ್ತೈತೇನ್ರಿ? ಗೋವಿಂದರಾಜಂದು. ರೆಸಾರ್ಟಿನ ಗೋವಿಂದರಾಜಂದು! ಟಿಕೆಟ್ ತಗಸಿದವ ಗುರು, ಟವೆಲ್ಲು ಕಟ್ಟಿದವ ಯಾರೂ ಅಲ್ಲ."

"ಸಿಟ್ಟಿತ್ತು ನಿಮಗ."

"ಇತ್ರಿ. ಇಲ್ಲ ಅನ್ನಂಗಿಲ್ಲ. ಸಿಟ್ಟಿದ್ದವ್ರೆಲ್ಲ ಕಲ್ಲು ಎತ್ತಿದ್ರ ಈ ಬೆಟ್ಟದಾಗ ಕಲ್ಲಽ ಉಳೀತಿದ್ದಿಲ್ಲ."

"ಹಂಗಾರ ಬನ್ನಿ ಕೊಟ್ಟು ಸಿಟ್ಟು ಮುಗಸೂಣು ಅಂತ ನಿಂತಿರಬೇಕು. ಅವ ಬಾಗಿದ. ಸಿಟ್ಟು ಮುಗೀಲಿಲ್ಲ."

ಮಾಸ್ತರು ರಿಬ್ಬನ್ನಿನ ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಆಮೇಲೆ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕೊರಳಲ್ಲಿ ದಾರಕ್ಕೆ ಕಟ್ಟಿದ್ದ ಒಂದು ಕಾಲುಂಗುರ ತೋರಿಸಿದರು. ಸವೆದ ಬೆಳ್ಳಿ.

"ನಮ್ಮಾಕಿ ಕಸ್ತೂರೆಮ್ಮಂದು. ದಸರಿಗೆ ಮೊದಲಿನ ಹಿರ್ಯಾರ ಅಮಾಸಿ ಮುಂದ ತೀರಿ ಹ್ವಾದ್ಲು. ವರ್ಷ ತುಂಬೂತನಕ ನನಗ ಹಬ್ಬ ಇಲ್ರಿ, ಬನ್ನಿ ಮುಟ್ಟಂಗಿಲ್ಲ. ನಾ ಮುಟ್ಟಿದ್ರ ತಗೊಂಡವ್ರಿಗೆ ಕೇಡು. ಕೊಲ್ಲಾಕ ಬಂದವನೂ ಸಾವಿನ ಮನಿಯಿಂದ ಬನ್ನಿ ತರಂಗಿಲ್ಲ, ಗಾಳೇಶನೂ ತಗೊಂತಿದ್ದಿಲ್ಲ. ಅವ ಬಂದು ಮಣ್ಣು ಕೊಟ್ಟು ಹೋಗಿದ್ದ."

ಶಹನಾಜ ಬೇರೆ ಕಡೆ ಮುಖ ತಿರುಗಿಸಿದಳು. ಅಮೃತಾ ಪ್ಲಾಸ್ಟಿಕ್ ಚೀಲ ಕಿಸೆಗೆ ಹಾಕಿಕೊಂಡಳು. ಹೆಂಡತಿಯನ್ನು ಕಳೆದುಕೊಂಡು ತಿಂಗಳು ತುಂಬದವರ ಬಾಯಲ್ಲಿ ಈ ಮಾತು ಹೊರಡಿಸಬಾರದಿತ್ತು ಅನ್ನಿಸಿತು. ಆದರೆ ಪೊಲೀಸರ ಕೆಲಸವೇ ಹುಣ್ಣು ಕೆರೆದು ಕೆಳಗೇನಿದೆ ಎಂದು ನೋಡುವುದು.

"ಹಂಗಾದ್ರ ಆ ಹೊತ್ತಿಗೆ ಇಲ್ಲಿ ಮತ್ಯಾರಿದ್ರು?"

"ಯಾರೂ ಇರಲಿಲ್ರಿ. ನಾನೂ ಇರಲಿಲ್ಲ. ಬೆಂಗಳೂರಿನವ ಒಬ್ಬ ದಾರ್ಯಾಗ ಕಾಲು ಉಳಕಿಸಿಕೊಂಡು ಕುಂತಿದ್ದ, ಅವನ್ನ ಇಳಿಸಾಕ ಹೋಗಿದ್ನಿ. ಇದನ್ನೂ ಬರಸೀನಿ."

ಯಾರೂ ಇರಲಿಲ್ಲ. ಅಮೃತಾ ವಿಚಾರಿಸಿದ ಕಾವಲಿನವರು, ಓಟಗಾರರು, ಫೋಟೊದವರು ಎಲ್ಲರೂ ಇದನ್ನೇ ಹೇಳಿದ್ದರು. ಅವಳು ಬಂಡೆಯ ಆಚೆ ಬದಿಗೆ ಕಣ್ಣು ಹಾಯಿಸಿದಳು. ನಾಲ್ಕು ಗಳ ನೆಟ್ಟು ತಾಡಪತ್ರಿ ಹೊದಿಸಿದ ಸಣ್ಣ ಚಪ್ಪರ. ಅದರ ಕೆಳಗೆ ಮಣ್ಣಿನಲ್ಲಿ ಕೊಡ ಕೂರಿಸಿದ ದುಂಡನೆಯ ಕುಳಿ, ಹಿಂಡಿ ಎಸೆದ ನಿಂಬೆ ಹೋಳು.

"ಮಾಸ್ತರ, ಇಲ್ಲಿ ಓಡೋರಿಗೆ ನೀರು ಯಾರು ಕೊಟ್ರು?"

"ನೀರಿಗೊಂದು ಹೆಣ್ಮಗಳು ಇತ್ತು," ಎಂದರು ಮಾಸ್ತರು, ಅದೇನು ದೊಡ್ಡ ಮಾತು ಎಂಬಂತೆ.

ಯಾರೂ ಇರಲಿಲ್ಲ, ಆದರೆ ನೀರಿಗೊಬ್ಬಳು ಇದ್ದಳು! ನೀರು ಹಾಕುವ ಹೆಂಗಸು ನಮ್ಮಲ್ಲಿ ಕೊಡದ ಲೆಕ್ಕಕ್ಕೆ ಬರುತ್ತಾಳೆ, ಮನುಷ್ಯರ ಲೆಕ್ಕಕ್ಕಲ್ಲ. ಕೇಳಿದ ಅಮೃತಾ ತಾನೂ ಹೆಣ್ಣೇ ಆಗಿದ್ದೂ ಎರಡು ದಿನ ಆ ಲೆಕ್ಕವನ್ನೇ ನಂಬಿದ್ದಳು.

"ಯಾರಾಕಿ? ವಯಸ್ಸಿನಾಕೀನೋ, ಹುಡುಗೀನೋ?"

"ತಲಿ ತುಂಬ ಸೆರಗು ಹೊದ್ದಿತ್ತು. ನಾ ಯಾಕ ಮುಖ ನೋಡ್ಲಿ?" ಮಾಸ್ತರು ಸುರುಳಿ ಸುತ್ತುತ್ತಾ ಮುಂದಿನ ಗಿಡದತ್ತ ನಡೆದರು. ಅವರ ನಡಿಗೆ ಬಂದಾಗ ಇದ್ದದ್ದಕ್ಕಿಂತ ಬಿರುಸಾಗಿತ್ತು.

ಬೆಟ್ಟದ ಬುಡದಲ್ಲಿ ಪೊಲೀಸ್ ಜೀಪಿಗೆ ಒರಗಿಕೊಂಡು ಗೋವಿಂದರಾಜ ನಿಂತಿದ್ದ. ಸಾಣಾಪುರದ ಕೆರೆಯ ದಂಡೆಯಲ್ಲಿ ಅವನದು ರೆಸಾರ್ಟು. ಓಟ ನಡೆಸುವವನೂ ಅವನೇ. ತಾತ ಕಾಲುವೆ ನೀರಿನ ಹಿಂದೆ ಆಂಧ್ರದಿಂದ ಬಂದು ವಲಸೆ ರೈತರ ಕ್ಯಾಂಪಿನಲ್ಲಿ ನೆಲೆಸಿದವರು. ಕನ್ನಡದಲ್ಲೇ ಮಾತಾಡುತ್ತಿದ್ದರೂ ಅವಸರವಾದಾಗ ತೆಲುಗು ಇಣುಕುತ್ತಿತ್ತು.

"ಮೇಡಂಗಾರು, ಹುಡುಗನ್ನ ಇವತ್ತು ಕೋರ್ಟಿಗೆ ಕೊಟ್ಟುಬಿಡ್ತೀರಿ ಅಲ್ವಾ? ಹಿಮಾಲಯದ ಓಟದವರಿಗೆ ನಾನು ಹೆಸರು ಕಳಿಸಬೇಕು. ಕೊಲೆ ಮಾಡಿದೋನ ಹೆಸರು ಕಳಿಸೋದು ಹೆಂಗಂಡಿ? ಮೂರನೇದಾಗಿ ಬಂದೋನ್ನ ಕಳಿಸ್ತೀನಿ."

"ಕೊಲಿ ಮಾಡಿದವ ಅಂತ ಯಾರು ಹೇಳಿದ್ರು?"

"ನೀವೇ ಹಿಡಿದ್ರಲ್ಲ!"

ಅಮೃತಾ ಆ ಮಾತು ಅಲ್ಲಿಗೇ ಬಿಟ್ಟಳು. ಅವಳು ಬೇರೆ ಕಡೆಯಿಂದ ಹಿಡಿದಳು. "ಗಾಳೇಶ ನಿಮ್ಮನ್ನ ಗುರು ಅಂತಿದ್ನಂತ. ಕಾಲು ಮುಟ್ಟತಿದ್ನೇನು?"

"ಓಟಕ್ಕೆ ಮುಂಚೆ ಯಾವಾಗ್ಲೂ. ಈ ಸಲ ಇಲ್ಲ. ಈ ಸಲ ನನ್ನ ಮುಂದೆ ನಿಂತು, ಗೆದ್ರೂ ನಾನು ಹೋಗಲ್ಲ ಅಣ್ಣಾ, ದುರುಗನ್ನ ಕಳಿಸಿ ಅಂದ. ಹೋದ ವರ್ಷ ದುರುಗ ಬಿದ್ದಾಗ ಎತ್ತದೆ ಓಡಿಹೋದೆ, ಅದು ಎದೇಲಿ ಕುಂತಿದೆ ಅಂದ. ಪೋಸ್ಟರಲ್ಲೆಲ್ಲ ಅವನ ಮುಖ ಹಾಕ್ಸಿದ್ದೀನಿ, ಇವನು ಹಂಗಂತಾನೆ!" ಗೋವಿಂದರಾಜ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡ. "ಇರಲಿ, ಹೋದ ಜೀವ. ಆದ್ರೆ ಜೇಬಲ್ಲಿ ಒಂದು ಬನ್ನಿ ಎಲೆ ಸಿಕ್ಕಿತು ಅಂತ ನೀವು ಮತ್ತೆ ಬೆಟ್ಟ ಹತ್ತೋದು ಯಾಕಂಡಿ?"

ಅಮೃತಾ ಜೀಪಿನ ಬಾಗಿಲ ಮೇಲೆ ಕೈಯಿಟ್ಟವಳು ಹಾಗೇ ನಿಂತಳು.

"ಬನ್ನಿ ಮಾತು ನಾ ನಿಮಗ ಹೇಳೀನೇನು?"

"ಆಸ್ಪತ್ರೆಯವರು ಯಾರೋ ಅಂದ್ರು." ಅವನ ಕಣ್ಣು ಕೆರೆಯತ್ತ ಹೋಯಿತು.

ಮಡಚಿದ ಬಟ್ಟೆಯೊಳಗಿನ ಎಲೆಯನ್ನು ಆಸ್ಪತ್ರೆಯಲ್ಲಿ ಯಾರೂ ಬಿಡಿಸಿ ನೋಡಿರಲಿಲ್ಲ. ಅಮೃತಾ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಗಾಳ ನುಂಗಿದ ಮೀನಿಗೆ ದಾರ ಸಡಿಲ ಬಿಡಬೇಕು. "ಮ್ಯಾಲ ನೀರಿಗೆ ನಿಂತಾಕಿ ಯಾರು?" ಎಂದಷ್ಟೇ ಕೇಳಿದಳು.

"ಅದೆಲ್ಲ ನಂಗೆ ಗೊತ್ತಾಗಲ್ಲ ಮೇಡಂಗಾರು. ಕೂಲಿಯವರು ಬರ್ತಾರೆ, ಹೋಗ್ತಾರೆ."

ಠಾಣೆಯ ಮುಂದೆ ಬೇವಿನ ಗಿಡದ ಕೆಳಗೆ ದುರುಗಪ್ಪನ ತಾಯಿ ಮುದಕಮ್ಮ ನಿನ್ನೆ ಸಂಜೆ ಕುಂತಲ್ಲೇ ಕುಂತಿದ್ದಳು. ಜೀಪು ನಿಂತ ಕೂಡಲೇ ಮೊಣಕಾಲು ಹಿಡಿದು ಎದ್ದಳು.

"ಯವ್ವಾ, ಬಿಡ್ತೀರೇನ ನನ್ನ ಮಗನ್ನ? ಇರೂವ ಅವನೊಬ್ಬನಽ. ಕೋರ್ಟಿಗೆ ಹೋದ್ರ ತಿರುಗಿ ಬರಂಗಿಲ್ಲಂತಾರ."

ನಿನ್ನೆಯಿಂದ ಈ ಮಾತು ಕೇಳಿ ಕೇಳಿ ಅಮೃತಾ ಕಿವಿ ಗಟ್ಟಿ ಮಾಡಿಕೊಂಡಿದ್ದಳು. ಇವತ್ತು ಆ ಮುಖದ ಮುಂದೆ ನಿಂತಳು.

"ಸ್ವಲ್ಪ ತಡಿ ಬೇ. ನಿನ್ನ ಮಗ ಮಾಡಿಲ್ಲಂತ ನನಗ ಅನಸಾಕತ್ತೈತಿ. ಒಂದಽ ಒಂದು ಸಾಕ್ಷಿ ಬೇಕು."

ಮುದುಕಿ ಎರಡೂ ಕೈ ಎತ್ತಿ ಮುಗಿದಳು. ಅಳಲಿಲ್ಲ. ಅತ್ತು ಮುಗಿದಿತ್ತು.

ಲಾಕಪ್ಪಿನೊಳಗೆ ದುರುಗಪ್ಪ ಗೋಡೆಗೆ ಬೆನ್ನು ಕೊಟ್ಟು, ಉದ್ದ ಕಾಲು ಮಡಚಿ ಕುಂತಿದ್ದ. ಭಾನುವಾರದ ಓಟದ ಅಂಗಿ ಇನ್ನೂ ಮೈಮೇಲೇ ಇತ್ತು. ಅಮೃತಾ ಸರಳಿನ ಮುಂದೆ ಸ್ಟೂಲು ಹಾಕಿಕೊಂಡು ಕುಳಿತಳು.

"ದುರುಗಪ್ಪ, ಖರೇ ಹೇಳು. ಗಾಳೇಶನ ಜೋಡಿ ಮಾತು ಬಿಟ್ಟು ವರ್ಷಾತು ಹೌದಿಲ್ಲೋ?"

"ಹೌದ್ರಿ. ಆದ್ರ ನಾ ಏನೂ ಮಾಡಿಲ್ರಿ. ಎಷ್ಟು ಸಲ ಹೇಳ್ಲಿ? ನೆತ್ತಿ ಮ್ಯಾಲ ನಾ ಬರೂದ್ರಾಗ ಅವ ಇರಲಿಲ್ಲ. ಮುಂದ ಹೋಗ್ಯಾನಂತ ತಿಳದು ಓಡಿದ್ನಿ."

"ಅದನ್ನ ನಾ ಈಗ ನಂಬತೀನಿ."

ಹುಡುಗನ ಮುಖ ಮೇಲೆದ್ದಿತು. ಅದರಲ್ಲಿ ಮೂಡಿದ ಆಸೆಯನ್ನು ನೋಡಲು ಅಮೃತಾಳಿಗೆ ಕಷ್ಟವಾಯಿತು. ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಜೋಡಿಸಿಟ್ಟ ಬೂಟು, ಕಿಸೆಯ ಬನ್ನಿ, ಬಾಗಿದ ಹೆಡಕು.

"ಕಾಲಿಗೆ ಬಾಗಿಸಿಕೊಂಡವ್ರು ಅವನಿಗಿಂತ ಹಿರ್ಯಾರು. ನೀ ಅಲ್ಲ. ಮ್ಯಾಲ ನೀರಿನ ಕೊಡದ ಹತ್ರ ಒಬ್ಬಾಕಿ ಹೆಣ್ಮಗಳು ಇದ್ಲಂತ. ಆಕಿನ್ನ ಹುಡುಕಿದ್ರ ನಿನ್ನ ಬಾಗಿಲು ತಗದಂಗ."

ಮೂಡಿದ ಆಸೆ ಹಾಗೇ ಆರಿತು. ಅವನು ಎದ್ದು ಬಂದು ಸರಳು ಹಿಡಿದ.

"ಹುಡುಕಬ್ಯಾಡ್ರಿ."

"ಯಾಕ?"

"ನಾನಽ ಮಾಡೀನ್ರಿ. ಬರಕೋರಿ. ನಾನಽ ಕಲ್ಲು ಎತ್ತಿ ಹಾಕೀನಿ."

ಶಹನಾಜ ಬಾಗಿಲಲ್ಲಿ ನಿಂತಿದ್ದವಳು ಒಂದು ಹೆಜ್ಜೆ ಒಳಗೆ ಬಂದಳು. ಬಿಡುತ್ತೇವೆ ಅಂದಾಗ ಕೊಲೆ ಒಪ್ಪಿಕೊಂಡ ಆರೋಪಿಯನ್ನು ಅವಳು ನೌಕರಿಯಲ್ಲೆಲ್ಲ ನೋಡಿರಲಿಲ್ಲ.

"ಬನ್ನಿ ಯಾರು ಕೊಟ್ರು?" ಅಮೃತಾ ಮೆಲ್ಲಗೆ ಕೇಳಿದಳು.

"ನಾನಽ. ನಾ ಕೊಟ್ನಿ, ಅವ ನನ್ನ ಕಾಲು ಮುಟ್ಟಾಕ ಬಾಗಿದ, ಅವಾಗ..."

"ನಿನಗಿಂತ ಹಿರ್ಯಾ, ನಿನ್ನ ಕಾಲು ಮುಟ್ಟಿದ? ನಮ್ಮೂರಾಗ ಸಣ್ಣ ಕೂಸಿಗೆ ಹೇಳಿದ್ರೂ ನಗತೈತಿ ದುರುಗಪ್ಪ."

ಅವನ ಕೈ ಸರಳಿನ ಮೇಲೆ ಬಿಗಿಯಾಯಿತು. ಕಣ್ಣು ಒಮ್ಮೆ, ಒಮ್ಮೆ ಮಾತ್ರ, ಅವಳ ಭುಜದಾಚೆ ಹೊರಗಿನ ಬೇವಿನ ಗಿಡದತ್ತ ಹೋಗಿ ಬಂತು.

ಆಗ ಅಮೃತಾಳಿಗೆ ಹೊಳೆಯಿತು. ಈ ಎರಡು ದಿನದಲ್ಲಿ ಅವಳು ಊರೆಲ್ಲರನ್ನೂ ಭಾನುವಾರ ಎಲ್ಲಿದ್ದಿರಿ ಎಂದು ಕೇಳಿದ್ದಳು. ಕಣ್ಣೆದುರೇ ಕುಂತು ಗೋಗರೆಯುತ್ತಿದ್ದ ಒಬ್ಬಳನ್ನು ಮಾತ್ರ ಕೇಳಿರಲಿಲ್ಲ. ಮಗನ ಬಾಗಿಲು ತೆರೆಯುವ ಕೀಲಿ ತಾಯಿಯ ಮೇಲೆ ಬಾಗಿಲು ಹಾಕುತ್ತದೆ. ಇಂಥ ಕೀಲಿ ತನ್ನ ಕೈಗೇ ಯಾಕೆ ಬರಬೇಕಿತ್ತು?

"ಬನ್ನಿ ಕೊಟ್ಟಾಕಿ ನಾನು ಯವ್ವಾ."

ಮುದಕಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಯಾವಾಗ ಒಳಗೆ ಬಂದಳೋ ಶಹನಾಜಳಿಗೂ ತಿಳಿದಿರಲಿಲ್ಲ.

"ಯವ್ವಾ, ಸುಮ್ಕಿರು!" ದುರುಗಪ್ಪ ಚೀರಿದ. "ಆಕಿ ಮಾತು ಬರಕೋಬ್ಯಾಡ್ರಿ ಮೇಡಂ, ಆಕಿಗೆ ತಲಿ ಸರಿ ಇಲ್ಲ!"

"ನನ್ನ ತಲಿ ಛಲೋ ಐತಿ." ಮುದುಕಿ ಸೆರಗು ಸರಿಮಾಡಿಕೊಂಡಳು. "ಮಗ ಓಡೂದು ನೋಡಾಕಂತ ಬಂದಿದ್ನಿ. ಮ್ಯಾಲ ನೀರಿಗೆ ನಿಂದ್ರಬೇ ಅಂದ್ರು, ನಿಂತ್ನಿ. ಗಾಳೇಶ ನಮ್ಮ ಮನ್ಯಾಗ ಉಂಡು ಬೆಳದ ಕೂಸು. ವರ್ಷಾತು ಹೊಸ್ತಿಲ ದಾಟಿದ್ದಿಲ್ಲ. ಊರಿಂದ ಬನ್ನಿ ಕಟ್ಟಿಕೊಂಡು ಬಂದಿದ್ನಿ, ಇಬ್ಬರೂ ಒಂದಾಗ್ಲಿ ಅಂತ. ಬನ್ನಿ ತಗೊಳೋ ಅಂದ್ನಿ. ಓಡಾಕತ್ತವ ನಿಂತ. ಬೂಟು ಬಿಚ್ಚಿದ. ಕಾಲಿಗೆ ಬಿದ್ದ."

"ಆಮ್ಯಾಲ?" ಅಮೃತಾಳ ದನಿ ತನಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಎದ್ದ."

"ಏನು?"

"ಎದ್ದ ಯವ್ವಾ. ನನ್ನ ಕಾಲಾಗ ಅವ ಸತ್ತಿಲ್ಲ. ಎದ್ದು, ಕಣ್ಣೀರ ವರಸಿಕೊಂಡು, ಈ ಸಲ ದುರುಗ ಹೋಗ್ತಾನ ಬೇ ಅಂದ. ನಾ ಖಾಲಿ ಕೊಡ ತಗೊಂಡು ಕೆಳಗ ಡ್ರಮ್ಮಿನ ಕಡೆ ಹೊಂಟ್ನಿ. ಅಷ್ಟ್ರಾಗ ಗುಂಡಿನ ಸಂದ್ಯಾಗಿಂದ ಇನ್ನೊಬ್ರು ಬಂದ್ರು. ತಿರುಗಿ ನೋಡಿದ್ರ ಗಾಳೇಶ ಅವರ ಕಾಲಿಗೆ ಬಾಗಿದ್ದ."

ಸರಳಿನ ಹಿಂದೆ ದುರುಗಪ್ಪ ಬಾಯಿ ತೆರೆದು ತಾಯಿಯನ್ನೇ ನೋಡುತ್ತಿದ್ದ. ತಾಯಿಯೇ ಮಾಡಿರಬಹುದೆಂದು ಆಗಷ್ಟೇ ಎದೆಗೆ ಹೊಕ್ಕಿದ್ದ ಭಯ ಅವನ ಮುಖದಿಂದ ಇಳಿಯುತ್ತಿರುವುದು ಅಮೃತಾಳಿಗೆ ಕಂಡಿತು. ಇವಳಲ್ಲ. ಇವನೂ ಅಲ್ಲ.

"ಯಾರು ಬೇ ಅವ್ರು?" ಅಮೃತಾ ಎದ್ದು ಮುದುಕಿಯ ಎರಡೂ ತೋಳು ಹಿಡಿದಳು. "ಹೆಸರು ಹೇಳು. ಈ ಕ್ಷಣ ನಿನ್ನ ಮಗನ ಬೀಗ ತಗೀತೀನಿ."

ಮುದಕಮ್ಮ ಮಗನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ನಿನ್ನೆ ಸಂಜೆಯಿಂದ ಅವಳು ಬೇಡಿದ್ದು ಇದೊಂದನ್ನೇ. ಈಗ ಅದು ಒಂದು ಹೆಸರಿನಷ್ಟು ಹತ್ತಿರದಲ್ಲಿತ್ತು.

ಅವಳು ಅಮೃತಾಳ ಕೈ ಬಿಡಿಸಿಕೊಂಡಳು.

"ಅವನ್ನ ಕೋರ್ಟಿಗೆ ಕರಕೊಂಡು ಹೋಗ್ರಿ," ಎಂದಳು. "ಹೇಳಿದ್ರ ಅವ್ರು ಇವನ್ನ ಜೀವಂತ ಬಿಡಂಗಿಲ್ಲ. ಆ ಹೆಸರು ನಾ ಹೇಳಂಗಿಲ್ಲ."